ಹನ್ನೊಂದು ರೊಟ್ಟಿ ಎತ್ತರ

ಆಯಿಗೆ ಆ ಶಿಖರ ಬರೀ ಬೆಳ್ಳಗೆ ಕಂಡಿತು.

ಕಾವ್ಯಾ ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದಳು, ಮೊಳ ದೂರ ಹಿಡಿದಳು, ಪರದೆಯ ಬೆಳಕನ್ನು ಕಣ್ಣು ಕುಕ್ಕುವಷ್ಟು ಏರಿಸಿ ಹಿಡಿದಳು. ಎರಡು ಬೆರಳಲ್ಲಿ ಜಗ್ಗಿ ಶಿಖರವನ್ನು ಪರದೆಯ ತುಂಬ ಹಿಗ್ಗಿಸಿದಳು. ಆಯಿ, ಅಂದರೆ ಅವಳ ಅಪ್ಪನ ತಾಯಿ ಬಸಲಿಂಗಮ್ಮ, ಕತ್ತನ್ನು ಕೋಳಿಯ ಹಾಗೆ ಒಮ್ಮೆ ಅತ್ತ ಒಮ್ಮೆ ಇತ್ತ ವಾಲಿಸಿ ನೋಡಿದಳು.

"ಬೆಳ್ಳಗ ಐತಿ. ಹಿಟ್ಟು ಚೆಲ್ಲಿದಂಗ. ಇದನ್ನ ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಕೊಣಮಿಗ್ಯಾಗ ಇಲ್ಲೇನು?"

ಹಿಟ್ಟು ನಾದುವ ಮರದ ಕೊಣಮಿಗೆ ಅವಳ ತೊಡೆಯ ಪಕ್ಕದಲ್ಲೇ ಇತ್ತು. ಅದಕ್ಕೆ ಅಂಟಿದ್ದ ಒಣ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಲೇ ಅವಳು ಶಿಖರವನ್ನು ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದು ಮಾತಿಗೆ. ಕಣ್ಣಿನ ನರ ಬತ್ತಿಹೋಗಿ ಐದು ವರ್ಷವಾಗಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಒಲೆ ಉರಿಯುತ್ತಿದೆ, ಹೊತ್ತು ಮುಳುಗಿತು, ಇಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಹೈದರಾಬಾದಿನ ಮೆಹದಿಪಟ್ಟಣಂನ ಒಂದು ಓಣಿಯಲ್ಲಿ, ಫ್ಲೈಓವರಿನ ಹದಿನೆಂಟನೇ ಪಿಲ್ಲರಿಗೆ ಎದುರಾಗಿ ಇದ್ದ ಎರಡನೇ ಮಹಡಿಯ ಮನೆಯಲ್ಲಿ, ಜೋಳದ ರೊಟ್ಟಿ ಬಡಿಯುವವಳು ಇವತ್ತಿಗೂ ಅವಳೇ. ಸೊಸೆ ಪ್ರೇಮಾ ಹಂಚಿನ ಮೇಲೆ ಹಾಕಿ ಬೇಯಿಸುತ್ತಿದ್ದಳು. ಕಡಕ್ ಆಗಿ ಒಣಗಿದ ರೊಟ್ಟಿಗಳು ಬುಟ್ಟಿಯಲ್ಲಿ ಕೂತು ಕೋಠಿಗೂ ಸಿಕಂದರಾಬಾದಿಗೂ ಕನ್ನಡದ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದವು.

ಶಿಖರದ ಹೆಸರು ಹಂಸಧುರಾ. ಉತ್ತರದ ಹಿಮದ ಸಾಲಿನಲ್ಲಿ ಐದು ಸಾವಿರದ ಮುನ್ನೂರು ಮೀಟರ್ ಎತ್ತರದ್ದು. ಕೆಳಗಿನಿಂದ ನೋಡಿದರೆ ಹಂಸವೊಂದು ರೆಕ್ಕೆಯೊಳಗೆ ಕೊಕ್ಕು ತೂರಿಸಿ ನಿದ್ದೆ ಹೋದಂತೆ ಕಾಣುತ್ತದಂತೆ. ಕಾವ್ಯಾ ಬಿ.ಎ. ಎರಡನೇ ವರ್ಷ, ಭೂಗೋಳ. ಮೇ ತಿಂಗಳಲ್ಲಿ ಕಾಲೇಜಿನ ಖರ್ಚಿನಲ್ಲೇ ಎಂಟು ಹುಡುಗಿಯರು ಅಲ್ಲಿಗೆ ಹೋಗುವವರಿದ್ದರು. ಎಂಟನೆಯ ಹೆಸರು ಅವಳದ್ದು. ಆ ಪಟ್ಟಿ ಗೋಡೆಗೆ ಅಂಟಿಸಿದ ದಿನದಿಂದ ಅವಳ ಕಾಲು ನೆಲದ ಮೇಲೆ ಸರಿಯಾಗಿ ನಿಂತಿರಲಿಲ್ಲ. ಕೋಠಿ ಬಸ್ಸಿನಲ್ಲಿ ಜೋತುಬಿದ್ದಾಗ ಹಗ್ಗ ಹಿಡಿದು ಹಿಮದ ಇಳಿಜಾರು ಹತ್ತುತ್ತಿರುವಂತೆ ಅನ್ನಿಸುತ್ತಿತ್ತು. ಕಂಡಕ್ಟರ್ ಟಿಕೆಟ್ ಕೇಳಿದರೆ, ಇವನು ಇಷ್ಟು ಎತ್ತರಕ್ಕೆ ಉಸಿರು ಕಟ್ಟದೆ ಹೇಗೆ ಬಂದ ಎಂದು ಆಶ್ಚರ್ಯವಾಗುತ್ತಿತ್ತು.

ಪಾಲಕರ ಸಹಿಯ ಫಾರಂ ಸೋಮವಾರದೊಳಗೆ ಕೊಡಬೇಕಿತ್ತು. ಅಪ್ಪ ವಿಜಯಕುಮಾರ ಕೋಠಿಯ ಔಷಧಿ ಮಾರ್ಕೆಟ್ಟಿನಲ್ಲಿ ಸೇಲ್ಸ್ ಕೆಲಸದವನು. ಗಿರಾಕಿಗೆ ಇಲ್ಲ ಎನ್ನದೆ ಇಪ್ಪತ್ತು ವರ್ಷ ಕಳೆದು, ಮನೆಯಲ್ಲೂ ಹೌದು ಇಲ್ಲ ಎರಡನ್ನೂ ಹೇಳುವುದು ಮರೆತಿದ್ದ. ಫಾರಂ ಅನ್ನು ಅತ್ತಿತ್ತ ತಿರುಗಿಸಿ, "ಅವ್ವನ್ನ ಕೇಳು. ಅವ್ವ ಹೂಂ ಅಂದ್ರ ಸಹಿ ಮಾಡ್ತೀನಿ," ಎಂದು ಸ್ನಾನಕ್ಕೆ ನಡೆದಿದ್ದ.

ಹಾಗಾಗಿ ಬುಧವಾರದ ಈ ಮಧ್ಯಾಹ್ನ ಆಯಿಯ ಮುಂದೆ ಫೋನು.

"ಆಯಿ, ಹೂಂ ಅನ್ನು ಸಾಕು."

"ಹ್ಯಾಂಗ ಅನ್ಲಿ? ನೋಡದ ಮನಿಗೆ ಹೆಣ್ಣು ಕಳಿಸಿದಾಕಿ ಅಲ್ಲ ನಾನು."

ಅದು ನಿಜ. ಇಬ್ಬರು ಹೆಣ್ಣುಮಕ್ಕಳನ್ನೂ ತಮ್ಮನ ನಾಲ್ವರು ಹೆಣ್ಣುಮಕ್ಕಳನ್ನೂ ಮದುವೆ ಮಾಡಿಕೊಡುವ ಮುಂಚೆ ಬಸಲಿಂಗಮ್ಮ ತಾನೇ ಮನೆ ನೋಡಲು ಹೋಗಿದ್ದಳು. ವರನ ಮುಖ ಅವಳಿಗೆ ಮುಖ್ಯವಲ್ಲ. ನೀರು ಎಷ್ಟು ದೂರ, ಅಡಿಗೆಮನೆಯ ಹೊಗೆ ಎಲ್ಲಿಂದ ಹೋಗುತ್ತದೆ, ಕದಕ್ಕೆ ಒಳಗಿನಿಂದ ಚಿಲಕ ಇದೆಯೇ, ಕಟ್ಟಿದ ಕರು ಮನುಷ್ಯರನ್ನು ಕಂಡರೆ ಬೆದರುತ್ತದೆಯೇ, ಇವನ್ನೆಲ್ಲ ನೋಡಿಕೊಂಡು ಬಂದು ಹೂಂ ಅಥವಾ ಊಹೂಂ ಎನ್ನುತ್ತಿದ್ದಳು. ಹುಡುಗ ಹೇಗಿದ್ದರೂ ತಿದ್ದಬಹುದು, ಬಾವಿ ದೂರ ಇದ್ದರೆ ತಿದ್ದಲು ಬರುವುದಿಲ್ಲ ಎನ್ನುವುದು ಅವಳ ಮಾತು.

"ನಾ ಮದಿವಿ ಆಗಿ ಹೊಂಟಿಲ್ಲ ಆಯಿ! ಹದಿನಾಲ್ಕು ದಿನಾ ಇದ್ದು ಬರಾಕಿ."

"ಹೆಣ್ಣು ಒಂದು ದಿನಾ ಇದ್ರೂ ಅದು ಮನೀನ. ಹೇಳು, ನೀರು ಎಲ್ಲೈತಿ?"

"ನೀರು... ಮಸ್ತ್ ಐತಿ."

"ಎಲ್ಲೈತಿ ಅಂತ ಕೇಳಿದೆ. ಗಾಳಿ ಯಾವ ಕಡಿಂದ ಬರತೈತಿ? ಮಗ್ಗಲ ಮನಿಯವ್ರು ಎಂಥಾವ್ರು?"

"ಮಗ್ಗಲ ಮನಿ ಇಲ್ಲ ಆಯಿ. ಮಗ್ಗಲಿಗೆ ಇನ್ನೊಂದು ಗುಡ್ಡ ಐತಿ."

"ಅದರ ಸ್ವಭಾವ ಹ್ಯಾಂಗ?"

ಕಾವ್ಯಾಳ ತಲೆಯೊಳಗೆ ಇಡೀ ಪರ್ವತವಿತ್ತು. ದೇವದಾರುಗಳ ಕಪ್ಪು, ಹುಲ್ಲುಗಾವಲಿನ ಇಬ್ಬನಿ, ಹಿಮದ ಮೇಲೆ ನೀಲಿ ನೆರಳು. ಆದರೆ ಬಾಯಿಗೆ ಬಂದದ್ದು, "ಭಾಳ ಮಸ್ತ್ ಐತಿ" ಮಾತ್ರ.

"ಮಸ್ತ್ ಅನ್ನೂದು ಬಿರ್ಯಾನಿಗೆ," ಎಂದು ಆಯಿ ಕೊಣಮಿಗೆಯನ್ನು ಗೋಡೆಗೆ ಆನಿಸಿ ಅಡ್ಡಾದಳು. "ನನಗ ತೋರಿಸು. ಆಮ್ಯಾಲ ಮಾತು."

ಏಪ್ರಿಲ್ಲಿನ ಹೈದರಾಬಾದು ಎರಡು ಗಂಟೆಗೆ ಕಾದ ಹಂಚು. ಓಣಿಯ ನಾಯಿಗಳೂ ಮಾತಾಡುತ್ತಿರಲಿಲ್ಲ. ಕಿಟಕಿಯ ಕೂಲರ್ ಲಾವಂಚದ ಹಸಿ ವಾಸನೆ ಊದುತ್ತ ಗೊರಗೊರ ಎನ್ನುತ್ತಿತ್ತು. ಕಾವ್ಯಾ ತಣ್ಣನೆಯ ನೆಲದ ಮೇಲೆ ಮಲಗಿ, ಎದೆಯ ಮೇಲೆ ಹಂಸಧುರಾದ ನಕ್ಷೆ ಹರಡಿಕೊಂಡು, ಕಣ್ಣನ್ನು ಅರ್ಧ ಮುಚ್ಚಿದ್ದಳು. ನಕ್ಷೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳು ಸುತ್ತಿ ಸುತ್ತಿ ಒಳಗೊಳಗೆ ಹೋಗಿದ್ದವು. ದೊಡ್ಡ ಸುತ್ತಿನೊಳಗೆ ಸಣ್ಣ ಸುತ್ತು, ಅದರೊಳಗೆ ಇನ್ನೂ ಸಣ್ಣದು. ಕಣ್ಣ ರೆಪ್ಪೆಗಳ ಸಂದಿಯಿಂದ ಅದೇ ಗೆರೆಗಳು ಗೋಡೆಯ ಹತ್ತಿರವೂ ಕಂಡವು. ಕೆಳಗೆ ಅಗಲ, ಮೇಲೆ ಕಿರಿದು, ಅಂಚು ಸೊಟ್ಟ, ನಡುವೆ ಕಂದು ಚುಕ್ಕೆ.

ಅದು ರೊಟ್ಟಿಯ ಬುಟ್ಟಿ.

ಕಾವ್ಯಾ ಎದ್ದು ಕೂತಳು. ಒಂದು ಗೆರೆಗೆ ಒಂದು ರೊಟ್ಟಿ. ಒಂದರ ಮೇಲೊಂದು ಇಟ್ಟರೆ ಪರ್ವತ. ಆಯಿಗೆ ಕಣ್ಣಿಲ್ಲದಿದ್ದರೇನು, ರೊಟ್ಟಿಯ ಭಾಷೆ ಅವಳ ಕೈಗೆ ಬರುವಷ್ಟು ಲೋಕದಲ್ಲಿ ಇನ್ಯಾರ ಕೈಗೂ ಬರುವುದಿಲ್ಲ.

ಮೊದಲ ಪ್ರಯತ್ನಕ್ಕೆ ನಾಲ್ಕು ಕಡಕ್ ರೊಟ್ಟಿಗಳು ಕತ್ತರಿಯ ಬಾಯಲ್ಲಿ ಪುಡಿಪುಡಿಯಾದವು. ಶಬ್ದಕ್ಕೆ ಅಮ್ಮ ಪ್ರೇಮಾ ಒಳಗಿನಿಂದ ಬಂದಳು. ಮಗಳ ಮಡಿಲಿನ ಚೂರುಗಳನ್ನೂ, ನಕ್ಷೆಯನ್ನೂ, ಮಗಳ ಮುಖವನ್ನೂ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಏನು ನಡಸೀಯೇ?"

"ಗುಡ್ಡ ಮಾಡಾಕತ್ತೀನಿ. ಆಯಿಗೆ ತೋರ್ಸಾಕ."

ಬೈಗುಳ ತುಟಿಯವರೆಗೆ ಬಂದು ಅದೇಕೋ ವಾಪಸ್ಸು ಹೋಯಿತು.

"ಒಣಗಿದ್ದನ್ನ ಕತ್ತರಿಸಿದ್ರ ಮುರೀದೆ ಏನಾಗತೈತಿ ಹುಚ್ಚಿ? ಹಂಚಿಂದ ತಗದ ಕೂಡ್ಲೇ ಕತ್ತರಿಸಬೇಕು. ಮೆತ್ತಗಿದ್ದಾಗ ಹೇಳಿದ ಮಾತು ಕೇಳತೈತಿ. ಆಮ್ಯಾಲ ಒಣಗಿಸು."

"ನನ್ನಂಗ."

"ನೀ ಯಾವಾಗ ಮೆತ್ತಗಿದ್ದಿ? ಮೂರು ತಿಂಗಳ ಕೂಸಿದ್ದಾಗ ಇರಬೇಕು."

ಗುರುವಾರ ಬೆಳಿಗ್ಗೆ ಪ್ರೇಮಾ ಅತ್ತೆಯ ಮುಂದೆ ಹಿಟ್ಟಿನ ಉಂಡೆಗಳನ್ನು ಇಟ್ಟಳು. ಮೊದಲನೆಯದು ಎರಡು ಮುಷ್ಟಿಯಷ್ಟು, ಕೊನೆಯದು ಗೋಲಿಯಷ್ಟು. ಆಯಿಯ ಅಂಗೈ ತಪತಪ ಬಡಿಯುತ್ತ ಹೋಯಿತು. ಹನ್ನೊಂದನೆಯದಕ್ಕೆ ಬಂದಾಗ ಕೈ ನಿಂತಿತು.

"ಪ್ರೇಮಾ, ಇದೇನು? ದಿನದ್ದಕ್ಕಿಂತ ದೊಡ್ಡದರಿಂದ ಸುರು ಆಗಿ ಹುಡುಗರ ಆಟದ ಚಿಪ್ಪಾಡಿಗೆ ಬಂದು ನಿಂತೈತಿ. ಯಾರ ಮನ್ಯಾಗ ತಿಂತಾರ ಇಷ್ಟು ಸಣ್ಣದು, ಗುಬ್ಬಿ ಮನ್ಯಾಗ?"

"ಗಿರಾಕಿ ಹಂಗ ಕೇಳ್ಯಾರ್ರೀ ಅತ್ತಿ," ಎಂದು ಪ್ರೇಮಾ ನಗು ತಡೆಯಲು ಹಂಚಿನ ಕಡೆ ತಿರುಗಿದಳು.

ಹಂಚಿನಿಂದ ಇಳಿದ ಬಿಸಿ ರೊಟ್ಟಿಯ ಮೇಲೆ ಕಾವ್ಯಾ ಕಾಗದದ ಅಚ್ಚು ಇಟ್ಟು ಕತ್ತರಿಸಿದಳು. ಬೆರಳು ಸುಟ್ಟವು. ಒಂದೊಂದು ರೊಟ್ಟಿಯೂ ಒಂದೊಂದು ಎತ್ತರದ ಅಂಚಾಯಿತು. ಮಾಳಿಗೆಯ ಬಿಸಿಲಿನಲ್ಲಿ ಹಳೆಯ ಸೀರೆಯ ಮೇಲೆ ಹನ್ನೊಂದನ್ನೂ ಹರಡಿದಾಗ, ಪರ್ವತವೊಂದು ತನ್ನ ಬಟ್ಟೆಗಳನ್ನೆಲ್ಲ ಕಳಚಿ ಒಣಹಾಕಿದಂತಿತ್ತು. ಸಂಜೆಗೆ ಅವು ಗಣಗಣ ಎಂದವು. ನಡುನಡುವೆ ಒಣ ಹಿಟ್ಟಿನ ಸಣ್ಣ ಗುಂಡುಗಳನ್ನು ಬೆಲ್ಲದ ಪಾಕದಲ್ಲಿ ಅಂಟಿಸಿ ಎತ್ತರ ಕೊಟ್ಟು, ಒಂದರ ಮೇಲೊಂದು ಏರಿಸಿದಳು. ಮೊದಲ ರೊಟ್ಟಿ, ಕೊನೆಯ ಹಳ್ಳಿ. ಎರಡು ಮೂರು, ದೇವದಾರು ಕಾಡು. ನಾಲ್ಕು, ಹುಲ್ಲುಗಾವಲು. ಐದರ ಮೇಲೆ ಒಂದು ಕೊಳ, ಅದಕ್ಕೆ ಕುಂಕುಮದ ಭರಣಿಯ ಬೆಳ್ಳಿ ಮುಚ್ಚಳ. ಆರು ಏಳು, ಬರೀ ಬಂಡೆ. ಎಂಟು, ಹಂಸದ ಎರಡು ಭುಜಗಳ ನಡುವಿನ ತಗ್ಗು. ಹತ್ತು, ಮಂಜುಗಟ್ಟಿದ ಇಳಿಜಾರು. ಹನ್ನೊಂದು, ಚಿಪ್ಪಾಡಿ ರೊಟ್ಟಿ, ತುದಿ.

ಒಂಬತ್ತರ ಹತ್ತಿರ ಅವಳ ಕೈ ತಡೆಯಿತು.

ನಕ್ಷೆಯಲ್ಲಿ ಅಲ್ಲಿ ಗೆರೆಗಳು ಒಂದರ ಮೈಮೇಲೆ ಒಂದು ಬಿದ್ದಿದ್ದವು. ಎಂಟರಿಂದ ಹತ್ತಕ್ಕೆ ಹೋಗುವ ದಾರಿ ಬೆಟ್ಟದ ಬೆನ್ನಿನ ಒಂದು ಚೂಪು ಏಣು, ಎರಡೂ ಕಡೆ ಪಾತಾಳ. ಕತ್ತರಿಸಿದ ರೊಟ್ಟಿಯಲ್ಲಿ ಅದು ಉಗುರಿನಷ್ಟು ಅಗಲದ ಪಟ್ಟಿಯಾಗಿತ್ತು. ಆಯಿಯ ಬೆರಳು ಅಲ್ಲಿಗೆ ಬಂದು ನಿಲ್ಲುವುದು ಕಾವ್ಯಾಗೆ ಕಂಡಿತು. ಆಮೇಲೆ ಬರುವ ಊಹೂಂ ಕೂಡ ಕೇಳಿಸಿತು.

ಕೊಣಮಿಗೆಯಲ್ಲಿ ಸ್ವಲ್ಪ ಹಸಿ ಹಿಟ್ಟು ಉಳಿದಿತ್ತು. ಅವಳು ಅದನ್ನು ಪಟ್ಟಿಯ ಎರಡೂ ಕಡೆ ಮೆತ್ತಿದಳು, ಬೆರಳಿನಿಂದ ಸವರಿ ನಯ ಮಾಡಿದಳು. ಏಣು ಓಣಿಯಷ್ಟು ಅಗಲವಾಯಿತು. ಈಗ ಅಲ್ಲಿ ಒಂದು ಆಟೋ ಕೂಡ ಹೋಗಬಹುದಿತ್ತು. ಇಲ್ಲಿ ಹಿಟ್ಟು ಮೆತ್ತಿದಾಗ ಅಲ್ಲಿ, ಸಾವಿರ ಮೈಲಿ ದೂರದಲ್ಲಿ, ನಿಜವಾದ ಹಂಸಧುರಾವೂ ಒಂದಿಷ್ಟು ಮೈತುಂಬಿಕೊಂಡಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ. ಕೈ ತೊಳೆದುಕೊಂಡಳು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕೂಲರಿನ ಮುಂದೆ ಚಾಪೆ ಹಾಸಿ, ಆಯಿಯ ಎರಡೂ ಕೈಗಳನ್ನು ತಂದು ಪರ್ವತದ ಬುಡದಲ್ಲಿ ಇಟ್ಟಳು.

"ಬಾ ಆಯಿ, ಮನಿ ನೋಡಾಕ."

ಬೆರಳುಗಳು ಮೊದಲು ಬೆಚ್ಚಿದವು. ಆಮೇಲೆ ಮೂಸಿ ನೋಡುವ ಬೆಕ್ಕಿನ ಹಾಗೆ ಅಂಚನ್ನು ಸುತ್ತಿದವು. "ರೊಟ್ಟಿ," ಎಂದಳು ಆಯಿ. ಮೇಲಕ್ಕೆ ಸರಿದು, "ಗುಬ್ಬಿ ಮನಿ ಗಿರಾಕಿ ಇದ ಏನು! ಪ್ರೇಮಾ, ನೀನೂ ಇದರಾಗ ಕೂಡೀ ಹೌದಿಲ್ಲೋ?"

"ನನಗೇನೂ ಗೊತ್ತಿಲ್ರೀ ಅತ್ತಿ," ಎಂದಳು ಪ್ರೇಮಾ, ಒಳಗಿನಿಂದ.

ಮನೆ ನೋಡುವ ಹೆಂಗಸಿನ ಗಾಂಭೀರ್ಯ ಆಯಿಯ ಮುಖಕ್ಕೆ ಬಂತು. ಹಳ್ಳಿಯಲ್ಲಿ ನಿಂತಳು, ಎಷ್ಟು ಮನೆ ಎಂದು ಕೇಳಿದಳು. ಕಾಡಿನಲ್ಲಿ ಹೊಕ್ಕಳು, ಮರದ ಹೆಸರು ಕೇಳಿದಳು. ನಾಲ್ಕನೇ ರೊಟ್ಟಿಗೆ ಹೋಗುವಷ್ಟರಲ್ಲಿ ಬೆರಳು ಸುಸ್ತಾದವು.

"ಕಾವ್ಯಾ, ಸಿಟ್ಟಾಗಬ್ಯಾಡ. ಇದು ಗುಡ್ಡ ಅಲ್ಲ, ಮೆಟ್ಟಲ. ಟಕ್ ಅಂತ ಏರು, ಟಕ್ ಅಂತ ನಿಲ್ಲು. ಗುಡ್ಡಕ್ಕ ಯಾರು ಮೆಟ್ಟಲ ಕಟ್ಯಾರ?"

"ಅಷ್ಟು ಅಡ್ಜಸ್ಟ್ ಮಾಡ್ಕೋ ಆಯಿ."

"ನಾಳೆ ನೋಡ್ತೀನಿ. ಹುಲ್ಲಾಗ ಒಂದ್ ಜರಾ ಮಲಗ್ತೀನಿ ಈಗ." ಹುಲ್ಲುಗಾವಲಿನ ಮೇಲೆ ಬೆರಳಿಟ್ಟುಕೊಂಡೇ ಆಯಿ ನಿದ್ದೆ ಹೋದಳು. ಕಾವ್ಯಾಳೂ ಪಕ್ಕದಲ್ಲಿ ಮಲಗಿದಳು. ಕೂಲರಿನ ಗೊರಗೊರ ದೂರದ ಹಿಮನದಿ ಸರಿಯುವ ಸದ್ದಾಯಿತು. ನಿದ್ದೆಯಲ್ಲಿ ಇಬ್ಬರೂ ಬೇರೆಬೇರೆ ದಾರಿಯಿಂದ ಅದೇ ಹುಲ್ಲಿಗೆ ಬಂದಿದ್ದರು. ಆಯಿಯ ಕೈಯಲ್ಲಿ ರೊಟ್ಟಿಯ ಬುಟ್ಟಿ, ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೀರು ಎಲ್ಲೈತಿ ಎಂದು ಕೇಳುತ್ತಿದ್ದಳು.

ಎದ್ದಾಗ ಸಂಜೆ. ಯಾರಿಗೂ ಪರ್ವತ ಎತ್ತಿಡುವುದು ನೆನಪಾಗಲಿಲ್ಲ. ಸೆಕೆಗೆ ಕೂಲರ್ ಬೆಳಗಿನವರೆಗೆ ಅದರ ಮೇಲೆ ತೇವ ಊದುತ್ತಲೇ ಇತ್ತು.

ಭಾನುವಾರ ಕಾವ್ಯಾ ನೋಡಿದಾಗ ಕಿರುಚಿಕೊಂಡಳು. ಕಡಕ್ ರೊಟ್ಟಿಗಳೆಲ್ಲ ಮೆತ್ತಗಾಗಿದ್ದವು. ಒಂದೊಂದರ ಅಂಚೂ ಕೆಳಗಿನದರ ಮೇಲೆ ಜೋತುಬಿದ್ದು, ಸೀರೆಯ ಸೆರಗು ಭುಜದಿಂದ ಇಳಿದಂತೆ ಇಳಿದಿತ್ತು. ಮೆಟ್ಟಿಲು ಒಂದೂ ಉಳಿದಿರಲಿಲ್ಲ.

"ಹೋತು! ಎಲ್ಲಾ ಹೋತು ಆಯಿ! ನಾಳೆ ಸೋಮವಾರ!"

"ಒದರಬ್ಯಾಡ. ಕೈ ಕೊಡು ಇತ್ತ."

ಆಯಿಯ ಬೆರಳುಗಳು ಬುಡದಿಂದ ಹೊರಟವು. ಈ ಸಲ ನಿಲ್ಲಲಿಲ್ಲ. ಜಾರಿದವು, ಏರಿದವು, ಒಂದು ಕಣಿವೆಗೆ ಇಳಿದು ಇನ್ನೊಂದು ಕಡೆ ಎದ್ದವು. ರೊಟ್ಟಿ ಬಾಗಿದ ಕಡೆ ಕೊರಕಲು, ಗುಂಡು ತಡೆದ ಕಡೆ ದಿಬ್ಬ. ಅವಳ ಬಾಯಿ ಸಣ್ಣಗೆ ತೆರೆದುಕೊಂಡಿತು.

"ಈಗ ಗುಡ್ಡ ಆತು ನೋಡು," ಎಂದಳು ಮೆಲ್ಲಗೆ.

ಕೊಳದ ಹತ್ತಿರ ಬೆರಳು ಒದ್ದೆಯಾಯಿತು. ಬೆಳ್ಳಿ ಮುಚ್ಚಳದಲ್ಲಿ ಕಾವ್ಯಾ ಹಿಂದಿನ ದಿನವೇ ನೀರು ತುಂಬಿಸಿಟ್ಟಿದ್ದಳು. ಆಯಿ ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ನೀರು ಇಲ್ಲೈತಿ. ತಣ್ಣಗೈತಿ. ಡೇರೆ ಎಲ್ಲಿ ಹಾಕ್ತೀರಿ?"

"ಕೊಳದ ಕೆಳಗ, ಬಂಡೆಗಲ್ಲಿನ ಮರೀಗೆ."

"ಛಲೋ. ಗಾಳಿ ಬಡಿಯಂಗಿಲ್ಲ." ಬಂಡೆಗಳನ್ನು ಹಾದು ಬೆರಳು ಎಂಟರ ತಗ್ಗಿಗೆ ಬಂದು ಕೂತಿತು. ಹಂಸದ ಭುಜಗಳ ನಡುವೆ ತೋರುಬೆರಳಿಗೆ ತಕ್ಕ ತಾವು ಇತ್ತು. "ಇಲ್ಲಿ ಕುಂತ್ರ ಎರಡೂ ಕಡೀ ಕಾಣತೈತೇನು?"

"ಕಾಣತೈತಿ. ಆಚೀ ಕಡೀ ಬರೀ ಹಿಮದ ಗುಡ್ಡ, ಒಂದರ ಹಿಂದ ಒಂದು. ಮಗ್ಗಲ ಮನಿಯವ್ರು."

ಆಯಿ ನಕ್ಕಳು. ಕಾವ್ಯಾಗೆ ಹೂಂ ಇನ್ನೇನು ಆ ನಗುವಿನ ಹಿಂದೆಯೇ ಬರುತ್ತಿದೆ ಅನ್ನಿಸಿತು. ಬೆರಳು ಎದ್ದು ಒಂಬತ್ತಕ್ಕೆ ಹೊರಟಿತು. ಎರಡು ಹೆಜ್ಜೆ ಇಟ್ಟು ನಿಂತಿತು. ಹಿಂದಕ್ಕೆ ಬಂತು. ಹೆಬ್ಬೆರಳೂ ಬಂದು ಸೇರಿ, ಏಣಿನ ಮೈಯನ್ನು ಹಿಡಿದು ಮೆಲ್ಲಗೆ ಹಿಸುಕಿತು.

"ಇದು ಹಂಚು ಕಂಡಿಲ್ಲ," ಎಂದಳು ಆಯಿ.

ಕೂಲರ್ ಗೊರಗೊರ ಎಂದಿತು.

"ಉಳಿದದ್ದೆಲ್ಲ ಬೆಂದು ಒಣಗಿ ಮೆತ್ತಗಾಗಿದ್ದು. ಇದು ಹಸೀ ಹಿಟ್ಟು. ಆಮ್ಯಾಲ ಮೆತ್ತಿದ್ದು. ಯಾರು ಮೆತ್ಯಾರ, ಕಾವ್ಯಾ?"

ಕಾವ್ಯಾಗೆ ಕಿವಿ ಬಿಸಿಯಾಯಿತು. ಆಯಿ ಕೈಯನ್ನು ಪರ್ವತದಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಮದಿವ್ಯಾಗ ನಮ್ಮಪ್ಪ ಮನಿ ನೋಡಾಕ ಹೋಗಿದ್ದ. ಒಂದು ಗ್ವಾಡಿಗೆ ಹಸೀ ಸಾರಣಿ ಇತ್ತಂತ. ಹಬ್ಬ ಬಂತು ಅದಕ್ಕ ಸಾರಿಸೇವಿ ಅಂದ್ರಂತ. ಕೈ ಇಟ್ಟು ನೋಡಲಿಲ್ಲ ನಮ್ಮಪ್ಪ. ಎರಡನೇ ವರ್ಷದ ಮಳೀಗೆ ಆ ಗ್ವಾಡಿ ತೊಟ್ಟಿಲ ಮ್ಯಾಲ ಬಿತ್ತು. ನಿಮ್ಮಪ್ಪ ಆಗ ನನ್ನ ಉಡ್ಯಾಗಿದ್ದ, ಅದಕ್ಕ ನೀ ಇಲ್ಲಿ ಕುಂತೀ. ಬಿರುಕು ಇದ್ದ ಮನಿಗೂ ನಾ ಹೆಣ್ಣು ಕೊಟ್ಟೀನಿ. ಬಿರುಕು ಮುಚ್ಚಿದ ಮನಿಗೆ ಕೊಟ್ಟಿಲ್ಲ. ಮುಗೀತು. ಇದನ್ನ ಎತ್ತಿಡು."

ಬೈದಿದ್ದರೆ ಕಾವ್ಯಾ ಎದುರು ಮಾತಾಡುತ್ತಿದ್ದಳು. ಆಯಿ ಬೈಯಲಿಲ್ಲ. ಮುಖವನ್ನು ಕೂಲರಿನ ಕಡೆ ತಿರುಗಿಸಿ ಕೂತಳು. ಬಸ್ಸಿನಲ್ಲಿ ಕಂಡ ಇಳಿಜಾರು, ಫೋನಿನಲ್ಲಿ ಹಿಗ್ಗಿಸಿ ತೋರಿಸಿದ ಶಿಖರ, ಎಂಟನೆಯ ಹೆಸರು ಎಲ್ಲವೂ ಕಾವ್ಯಾಳೊಳಗೆ ಒಂದರ ಮೇಲೊಂದು ಮೆತ್ತಗಾಗಿ ಕುಸಿದವು. ಆಮೇಲೆ ಬೆರಳನ್ನು ಕೊಳದ ನೀರಿನಲ್ಲಿ ಅದ್ದಿ, ಏಣಿನ ಎರಡೂ ಕಡೆಯ ಹಸಿ ಹಿಟ್ಟನ್ನು ಒರೆಸಿ ಒರೆಸಿ ತೆಗೆದಳು. ಉಗುರಿನಷ್ಟು ಪಟ್ಟಿ ಉಳಿಯಿತು.

ಆಯಿಯ ತೋರುಬೆರಳನ್ನು ಮಡಿಲಿನಿಂದ ಎತ್ತಿ ತಂದು ಅದರ ಮೇಲೆ ಇಟ್ಟಳು.

"ಇಷ್ಟ ಐತಿ ಆಯಿ. ಖರೇ ಹೇಳ್ತೀನಿ. ಎರಡೂ ಕಡೀ ಏನೂ ಇಲ್ಲ. ಸೊಂಟಕ್ಕ ಹಗ್ಗ ಕಟ್ಕೊಂಡು ಒಬ್ಬೊಬ್ರೇ ಹೋಗೂದು. ಗಾಳಿ ಜಾಸ್ತಿ ಇದ್ರ ಗೈಡ್ ಯಾರನ್ನೂ ಬಿಡಂಗಿಲ್ಲ, ಎಂಟರಿಂದನ ತಿರುಗಿಸ್ತಾರ. ನನಗ ಅಂಜಿಕಿ ಐತಿ. ಅಂಜಿಕಿ ಇದ್ರೂ ಹೋಗಬೇಕು ಅನಸತೈತಿ. ಅದಕ್ಕ ಮೆತ್ತಿದೆ."

ಆಯಿ ಕೈ ಎಳೆದುಕೊಳ್ಳಲಿಲ್ಲ. ಬೆರಳು ಪಟ್ಟಿಯ ಮೇಲೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟು ಎಡಕ್ಕೆ ಜಾರಿ, ಗಾಳಿಯಲ್ಲಿ ನಿಂತು, ಮತ್ತೆ ಏಣನ್ನು ಹುಡುಕಿ ಹಿಡಿಯಿತು. ಆಯಿಯ ಹಣೆಯ ಮೇಲೆ ಬೆವರು. ಕೂಲರಿನ ಮುಂದೆ ಕೂತು ಬೆವರು!

"ನನ್ನ ಬೆರಳ ಹಿಡೀವಲ್ದು. ನಿನ್ನ ಕಾಲು ಹ್ಯಾಂಗ ಹಿಡೀತೈತಿ?"

ಕಾವ್ಯಾ ಅವಳ ಹಣೆಯ ಬೆವರನ್ನು ಒರೆಸಿದಳು.

"ಎಂಟನೇ ರೊಟ್ಟಿತನ ಹೋಗು," ಎಂದಳು ಆಯಿ.

"ಆಯಿ! ಹತ್ತು."

"ಎಂಟು."

"ಒಂಬತ್ತು. ಗಾಳಿ ಇಲ್ಲಾಂದ್ರ ಅಷ್ಟ."

"ಇದೇನು ರೈತು ಬಜಾರ್ ಏನು? ಎಂಟು ಅಂದ್ರ ಎಂಟು. ಆ ತಗ್ಗಿನಾಗ ಕುಂದ್ರಾಕ ಜಾಗ ಐತಿ, ಎರಡೂ ಕಡೀ ಕಾಣತೈತಿ. ಅಲ್ಲೀತನ ಮನಿ ಪಸಂದ ಐತಿ ನನಗ."

"ಮತ್ತ ಮ್ಯಾಲಿನ ಮೂರು?"

ಆಯಿಯ ಬೆರಳು ಇನ್ನೂ ಏಣಿನ ಮೇಲೆಯೇ ಇತ್ತು.

"ಅವು ನನಗ ಇರಲಿ. ಈ ವಯಸ್ಸಿನ್ಯಾಗ ಬಿದ್ರೂ ಚಾಪೀ ಮ್ಯಾಲನ ಬೀಳತೀನಿ. ನೀ ಎಂಟು ಏರು, ಮೂರು ನಾ ಏರತೀನಿ. ಕೂಡಿ ಹನ್ನೊಂದಾತು ಇಲ್ಲೋ?"

ಕಾವ್ಯಾಗೆ ನಗು ಬಂತು, ಅಳುವೂ ಬಂತು. ಯಾವುದು ಮೊದಲು ಬರಬೇಕು ಎಂದು ಅವು ಜಗಳಾಡಿ ಎರಡೂ ಒಟ್ಟಿಗೆ ಬಂದವು. ಆಯಿಯ ಎದೆಗೆ ಹಣೆ ಒತ್ತಿ, "ಎಂಟು," ಎಂದಳು.

"ನನ್ನಾಣಿ?"

"ನಿನ್ನಾಣಿ."

"ಹೂಂ," ಎಂದಳು ಆಯಿ.

ಸಂಜೆ ವಿಜಯಕುಮಾರ ಸಹಿ ಮಾಡುವಾಗ, ಅಭ್ಯಾಸದಂತೆ ಒಂದು ಮಾತು ಕೇಳಿದ. "ಅವ್ವಾ, ಜಾಗ ಹ್ಯಾಂಗೈತಿ?"

"ನೀರು ಹತ್ರ ಐತಿ. ಮಗ್ಗಲ ಮನಿಯವ್ರು ದೊಡ್ಡವ್ರು, ಮಾತು ಕಡಿಮಿ. ಒಂದು ಕಡೀ ಗ್ವಾಡಿಗೆ ಬಿರುಕು ಐತಿ, ಆದ್ರ ಮುಚ್ಚಿಟ್ಟಿಲ್ಲ," ಎಂದಳು ಬಸಲಿಂಗಮ್ಮ.

ಅವನು ಹೆಂಡತಿಯ ಮುಖ ನೋಡಿದ. ಪ್ರೇಮಾ ಪರ್ವತವನ್ನು ಎರಡೂ ಕೈಯಲ್ಲಿ ಎತ್ತಿ ಮಾಳಿಗೆಗೆ ಒಯ್ಯುತ್ತಿದ್ದಳು. ಮರುದಿನದ ಬಿಸಿಲಿಗೆ ಅದು ಬಾಗಿದ ಹಾಗೆಯೇ ಬಾಗಿ, ಜೋತ ಹಾಗೆಯೇ ಜೋತು ಗಟ್ಟಿಯಾಯಿತು. ಬೆಲ್ಲಕ್ಕೆ ಇರುವೆ ಬರಬಾರದೆಂದು ಅವಳು ಅದನ್ನು ಅಗಲ ಪರಾತದ ನೀರಿನ ನಡುವೆ, ಕವುಚಿದ ತಟ್ಟೆಯ ಮೇಲೆ ಇಟ್ಟಳು. ಹಂಸಧುರಾಕ್ಕೆ ಸುತ್ತಲೂ ಒಂದು ಸಮುದ್ರ ಬಂತು.

ಮೇ ತಿಂಗಳ ಒಂದು ಬೆಳಿಗ್ಗೆ, ಸಿಕಂದರಾಬಾದಿನಲ್ಲಿ ರೈಲು ಹತ್ತಿ ಒಂಬತ್ತು ದಿನಗಳಾದ ಮೇಲೆ, ಕಾವ್ಯಾ ಹಂಸದ ಭುಜಗಳ ನಡುವಿನ ತಗ್ಗಿಗೆ ಬಂದು ಕುಸಿದು ಕೂತಳು. ಕೆಳಗೆ ಕೊಳ ಬೆಳ್ಳಿ ಮುಚ್ಚಳದ ಹಾಗೆಯೇ ಹೊಳೆಯುತ್ತಿತ್ತು. ಅದು ನಿಜವಾಗಿ ಹಾಗೆ ಹೊಳೆಯುತ್ತಿತ್ತೋ ಅಥವಾ ಅವಳ ಕಣ್ಣು ಮನೆಯಿಂದ ಹೊಳಪನ್ನು ತಂದಿತ್ತೋ ತಿಳಿಯಲಿಲ್ಲ. ಆಚೆ ಕಡೆ ಮಗ್ಗಲ ಮನೆಯವರು ಸಾಲಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ಆ ದಿನ ಗಾಳಿ ಅಷ್ಟಿರಲಿಲ್ಲ. ಗೈಡ್ ಹಗ್ಗ ಬಿಚ್ಚತೊಡಗಿದ. ಹುಡುಗಿಯರು ಒಬ್ಬೊಬ್ಬರಾಗಿ ಸೊಂಟಕ್ಕೆ ಕಟ್ಟಿಕೊಂಡರು. ಏಣು ಅವಳ ಮುಂದೆಯೇ ಇತ್ತು, ರೊಟ್ಟಿಯಲ್ಲಿ ಕತ್ತರಿಸಿದಷ್ಟೇ ಕಿರಿದು, ಬೆಳ್ಳಗೆ.

"ಏಯ್ ಕಾವ್ಯಾ, ಏಳೇ!" ಎಂದಳು ವರ್ಷಾ, ಬೀದರಿನ ಕಡೆಯ ಗೆಳತಿ. "ಇಲ್ಲೀತನ ಬಂದು ಕುಂದ್ರತೀಯೇನು? ಅರ್ಧ ತಾಸಿನ ದಾರಿ."

ಕಾವ್ಯಾಳ ಕಾಲುಗಳು ತಾವಾಗಿಯೇ ಎದ್ದವು. ಎರಡು ಹೆಜ್ಜೆ ಇಟ್ಟವು. ನಿಂತವು.

"ನಂದು ಎಂಟ. ನೀವು ಹೋಗಿ ಬರ್ರಿ."

"ಏನು ಎಂಟು?"

"ಬಂದ ಮ್ಯಾಲ ಹೇಳ್ತೀನಿ."

ಅವರು ಹೋದರು. ಸಹಾಯಕ ಗೈಡ್ ಒಬ್ಬ ಅವಳ ಹತ್ತಿರ ಉಳಿದು, ಬಂಡೆಗೆ ಒರಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಜೇಬಿನೊಳಗೆ ಫೋನು ಟಿಣ್ ಎಂದಿತು. ನಾಲ್ಕು ದಿನದಿಂದ ಸತ್ತಿದ್ದ ಸಿಗ್ನಲ್ ಯಾವ ಕಣಿವೆಯಿಂದಲೋ ಎದ್ದು ಬಂದು ಒಂದು ಕಡ್ಡಿಯಾಗಿ ನಿಂತಿತ್ತು. ಅವಳು ಮನೆಗೆ ಫೋನ್ ಹಚ್ಚಿದಳು.

"ಆಯಿ. ಎಂಟನೇ ರೊಟ್ಟಿ ಮ್ಯಾಲ ಅದೀನಿ."

ಆ ಕಡೆ ಅಮ್ಮನ ದನಿ, ಪಾತ್ರೆಯ ಸದ್ದು, ಓಣಿಯಲ್ಲಿ ತರಕಾರಿಯವನ ಕೂಗು. ಎಲ್ಲದರ ಮುಂದೆ ಆಯಿ. "ಗಾಳಿ?"

"ಸಣ್ಣಗ ಐತಿ. ಎಡಗಡಿಂದ."

"ಕುಂತೀಯೇನು?"

"ಕುಂತೀನಿ."

"ಹಂಗಾರ ಅಲ್ಲೇ ಕುಂದ್ರು. ನಾ ಹೊಂಟೆ. ಪ್ರೇಮಾ, ಗುಡ್ಡ ಇತ್ತ ತಾ, ಕೂಲರ್ ಹಚ್ಚು."

ಟಕ್ ಎಂದಿತು. ಗೊರಗೊರ ಶುರುವಾಯಿತು. ಒಂದು ಕಿವಿಯಲ್ಲಿ ಮೆಹದಿಪಟ್ಟಣಂನ ಗಾಳಿ, ಇನ್ನೊಂದು ಕಿವಿಯಲ್ಲಿ ಹಂಸಧುರಾದ್ದು. ಎರಡೂ ಒಂದೇ ತಂಪಿನವು. ಕಾವ್ಯಾ ಏಣಿನ ಕಡೆ ನೋಡಿದಳು. ಗೆಳತಿಯರು ಆಗಲೇ ಹಿಮದ ಇಳಿಜಾರಿನ ತಿರುವಿನಲ್ಲಿ ಮರೆಯಾಗಿದ್ದರು. ಬಿಳಿ ಅಂಚಿನ ಮೇಲೆ ಯಾರೂ ಇರಲಿಲ್ಲ. ಎಲ್ಲಿಂದಲೋ ಬಂದ ಒಂದು ತುಂಡು ಮೋಡದ ನೆರಳು ಮಾತ್ರ, ಇಲ್ಲಿಂದ ನೋಡಿದರೆ ಬೆರಳಿನಷ್ಟೇ ಅಗಲ, ಏಣಿನ ಮೇಲೆ ಮೆಲ್ಲಗೆ ಹೋಗುತ್ತಿತ್ತು. ಒಂದು ಕಡೆ ಎಡಕ್ಕೆ ಜಾರಿತು. ಫೋನಿನೊಳಗೆ ಉಸಿರು ನಿಂತಿತು. ನೆರಳು ಮತ್ತೆ ಅಂಚಿಗೆ ಬಂತು. ಉಸಿರೂ ಬಂತು.

ನೆರಳು ಇಳಿಜಾರು ಹತ್ತಿತು, ತುದಿಯನ್ನು ಮುಟ್ಟಿತು, ಅಲ್ಲೇ ಒಂದಿಷ್ಟು ಹೊತ್ತು ಕೂತಿತು.

"ಬಂದೆ ನೋಡು," ಎಂದಳು ಆಯಿ, ದಣಿದ ದನಿಯಲ್ಲಿ. "ಇಲ್ಲಿ ಜಾಗ ಭಾಳ ಸಣ್ಣದೈತಿ, ಕಾವ್ಯಾ. ಗುಬ್ಬಿ ಕುಂದ್ರೂವಷ್ಟ."